ಗ್ರಾಫಿಕ್ಸ್ ಕಾರ್ಡ್ ಕ್ರ್ಯಾಶ್

ಗ್ರಾಫಿಕ್ಸ್ ಕಾರ್ಡ್ ಕ್ರ್ಯಾಶ್ ಎಂದರೆ ಕಂಪ್ಯೂಟರಿನಲ್ಲಿ ಆಟವಾಡುವಾಗ ಅಥವಾ ಇತರ ಭಾರದ ಕೆಲಸದ ವೇಳೆ ಗ್ರಾಫಿಕ್ಸ್ ಕಾರ್ಡ್ ಪ್ರತಿಕ್ರಿಯಿಸದಂತಾಗಿ ಪರದೆ ಕಪ್ಪಾಗುವುದು, ಆಟ ತಾನಾಗಿ ಮುಚ್ಚಿಕೊಳ್ಳುವುದು ಅಥವಾ ಕಂಪ್ಯೂಟರ್ ಮರುಪ್ರಾರಂಭವಾಗುವುದು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿದ ಕಂಪ್ಯೂಟರುಗಳಲ್ಲಿ ದೋಷವು ಕಾರ್ಡಿನಲ್ಲೇ ಇರಬೇಕೆಂದಿಲ್ಲ. ಡ್ರೈವರ್, ಎಸ್‌ಎಂಪಿಎಸ್, ರ‍್ಯಾಮ್ ಮತ್ತು ಮನೆಯ ವಿದ್ಯುತ್ ಪೂರೈಕೆಯೂ ಇದೇ ಲಕ್ಷಣಗಳನ್ನು ಉಂಟುಮಾಡಬಲ್ಲವು. ಕಾರ್ಡ್ ಸಾಮಾನ್ಯವಾಗಿ ಗೇಮಿಂಗ್ ಕಂಪ್ಯೂಟರಿನ ಅತ್ಯಂತ ದುಬಾರಿ ಭಾಗವಾದ್ದರಿಂದ, ಅದನ್ನು ಬದಲಿಸುವ ಮುನ್ನ ಕಾರಣವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಲಕ್ಷಣಗಳು

ಕಾರ್ಡ್ 2 ಸೆಕೆಂಡುಗಳವರೆಗೆ ಪ್ರತಿಕ್ರಿಯಿಸದಿದ್ದರೆ ವಿಂಡೋಸ್ ಅದರ ಡ್ರೈವರನ್ನು ಮರುಪ್ರಾರಂಭಿಸುತ್ತದೆ. ವಿಂಡೋಸ್ ವಿಸ್ತಾದಲ್ಲಿ ಪರಿಚಯಿಸಲಾದ ಈ ವ್ಯವಸ್ಥೆಯನ್ನು ಟಿಡಿಆರ್ ಎನ್ನುತ್ತಾರೆ. ಈ ಘಟನೆ ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯಡಿ ದಾಖಲಾಗುತ್ತದೆ; ಡ್ರೈವರ್ ಚೇತರಿಸಿಕೊಳ್ಳದಿದ್ದರೆ ನೀಲಿ ಪರದೆ ಕಾಣಿಸುತ್ತದೆ. ಯಾವ ಸೂಚನೆಯೂ ಇಲ್ಲದೆ ಕಂಪ್ಯೂಟರ್ ಆರಿಹೋದರೆ ಕರ್ನಲ್ ಪವರ್ 41 ಎಂಬ ದಾಖಲೆ ಮಾತ್ರ ಉಳಿಯುತ್ತದೆ. ಅದು ಕಾರಣವನ್ನು ತಿಳಿಸದಿದ್ದರೂ, ಮೊದಲು ವಿದ್ಯುತ್ ಪೂರೈಕೆಯನ್ನು ಪರಿಶೀಲಿಸಬೇಕೆಂಬುದಕ್ಕೆ ಸುಳಿವಾಗಿದೆ.

ಕಾರಣಗಳು

ವಿದ್ಯುತ್: ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್, 8 ಪಿನ್‌ನ ಕನೆಕ್ಟರ್ 150 ವ್ಯಾಟ್ ಒದಗಿಸುತ್ತವೆ. ಕಾರ್ಡ್ ಕ್ಷಣಮಾತ್ರ ತನ್ನ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಸೆಳೆದಾಗ ದುರ್ಬಲ ಎಸ್‌ಎಂಪಿಎಸ್ ಆರಿಹೋಗಬಹುದು. 2022ರ ಎಟಿಎಕ್ಸ್ 3.0 ಮಾನದಂಡವು ಇಂತಹ ಏರಿಕೆಯನ್ನು ತಾಳುವ ಸಾಮರ್ಥ್ಯವನ್ನು ಬಯಸುತ್ತದೆ.

ಉಷ್ಣತೆ: ಬಿಸಿ ಹೆಚ್ಚಾದಂತೆ ಕಾರ್ಡ್ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಕಾರ್ಡ್ ತಂಪಾಗಿರುವಾಗಲೇ ಕ್ರ್ಯಾಶ್ ಆದರೆ ಬೇರೆ ಕಾರಣವನ್ನು ಹುಡುಕಬೇಕು.

ತಂತ್ರಾಂಶ ಮತ್ತು ರ‍್ಯಾಮ್: ಹಳೆಯ ಡ್ರೈವರಿನ ಅವಶೇಷಗಳು, ಓವರ್‌ಕ್ಲಾಕಿಂಗ್ ಹಾಗೂ ರ‍್ಯಾಮಿನ ಎಕ್ಸ್‌ಎಂಪಿ ವೇಗವೂ ಅಸ್ಥಿರತೆಗೆ ಕಾರಣವಾಗುತ್ತವೆ.

ಪತ್ತೆ ಕ್ರಮ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪ್ರತಿ ಬಾರಿಯೂ ಅದೇ ಆಟದಲ್ಲಿ ಪರೀಕ್ಷಿಸಲಾಗುತ್ತದೆ.

1. ಈವೆಂಟ್ ವ್ಯೂವರ್‌ನ ದಾಖಲೆ ಗಮನಿಸುವುದು.
2. ಡ್ರೈವರನ್ನು ಸಂಪೂರ್ಣವಾಗಿ ತೆಗೆದು ಮತ್ತೆ ಅಳವಡಿಸುವುದು.
3. ಓವರ್‌ಕ್ಲಾಕಿಂಗ್ ಮತ್ತು ಎಕ್ಸ್‌ಎಂಪಿ ನಿಲ್ಲಿಸುವುದು. ಮೆಮ್‌ಟೆಸ್ಟ್86 ಮೂಲಕ ರ‍್ಯಾಮ್ ಪರೀಕ್ಷಿಸುವುದು.
4. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಕಾರ್ಡನ್ನೂ ಕೇಬಲುಗಳನ್ನೂ ಮತ್ತೆ ಬಿಗಿಯಾಗಿ ಕೂರಿಸುವುದು. ಎರಡು ಕನೆಕ್ಟರುಗಳಿದ್ದರೆ ಪ್ರತ್ಯೇಕ ಕೇಬಲ್ ಬಳಸುವುದು.
5. ಕಾರ್ಡಿನ ವಿದ್ಯುತ್ ಮಿತಿಯನ್ನು ತಗ್ಗಿಸಿ ನೋಡುವುದು. ಇದರಿಂದ ಕ್ರ್ಯಾಶ್ ನಿಂತರೆ ಎಸ್‌ಎಂಪಿಎಸ್ ಅಥವಾ ಉಷ್ಣತೆಯ ಮೇಲೆ ಅನುಮಾನ ಬಲಗೊಳ್ಳುತ್ತದೆ.
6. ಕಾರ್ಡನ್ನು ಮತ್ತೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸುವುದು. ಅಲ್ಲಿಯೂ ಕ್ರ್ಯಾಶ್ ಮರುಕಳಿಸಿದರೆ ದೋಷ ಬಹುಮಟ್ಟಿಗೆ ಕಾರ್ಡಿನದೇ.

ಬೆಂಗಳೂರಿನಲ್ಲಿ

ನಗರದ ಪೇಟೆ ಪ್ರದೇಶದ ಎಸ್.ಪಿ. ರಸ್ತೆ ಕಂಪ್ಯೂಟರ್ ಬಿಡಿಭಾಗಗಳ ಹೆಸರಾಂತ ಮಾರುಕಟ್ಟೆಯಾಗಿದೆ. ಬೇಗೂರು, ಜೆ.ಪಿ. ನಗರ, ಬನಶಂಕರಿ ಮೊದಲಾದ ಬಡಾವಣೆಗಳಿಗೆ ಬೆಸ್ಕಾಂ 230 ವೋಲ್ಟ್ ವಿದ್ಯುತ್ ಪೂರೈಸುತ್ತದೆ. ವಿದ್ಯುತ್ ಕಡಿತವಾದಾಗ ಮನೆಯ ಇನ್ವರ್ಟರ್ ಚಾಲನೆಗೊಳ್ಳುವ ಅಲ್ಪ ಅಂತರದಲ್ಲಿ ಕಂಪ್ಯೂಟರ್ ಮರುಪ್ರಾರಂಭವಾಗುವುದುಂಟು. ಹಲವು ಇನ್ವರ್ಟರುಗಳಲ್ಲಿರುವ ಯುಪಿಎಸ್ ಮೋಡ್ ಈ ಅಂತರವನ್ನು ಕಿರಿದಾಗಿಸುತ್ತದೆ. 600 ವಿಎ ಸಾಮರ್ಥ್ಯದ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವ್ಯಾಟ್ ಮಾತ್ರ ಒದಗಿಸುತ್ತದೆ. ಹೀಗಾಗಿ ಸಾಧಾರಣ ಬಳಕೆಯ ಹೊರೆಯನ್ನು ತಾಳುವ ಯುಪಿಎಸ್, ಆಟದ ನಡುವೆ ವಿದ್ಯುತ್ ಹೋದಾಗ ಕೈಕೊಡಬಹುದು. ಇದನ್ನು ಕಾರ್ಡಿನ ದೋಷವೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ.

ವಾರಂಟಿ

ದೋಷ ಕಾರ್ಡಿನದೇ ಎಂದು ಖಚಿತವಾದರೆ ಖರೀದಿಯ ಬಿಲ್ಲು ಮತ್ತು ಕಾರ್ಡಿನ ಮೇಲಿನ ಸರಣಿ ಸಂಖ್ಯೆಯೊಂದಿಗೆ ವಾರಂಟಿ ಸೇವೆ ಕೋರಬಹುದು. ಪತ್ತೆ ಕ್ರಮದ ಪ್ರತಿ ಹಂತದ ಫಲಿತಾಂಶವನ್ನು ಬರೆದಿಟ್ಟುಕೊಂಡಿದ್ದರೆ ಸೇವಾ ಕೇಂದ್ರದಲ್ಲಿ ದೋಷವನ್ನು ವಿವರಿಸುವುದು ಸುಲಭವಾಗುತ್ತದೆ.