ತೋಟದ ಲೆಕ್ಕ, ಆಳಿನ ಲೆಕ್ಕ

ಶಿರಸಿಯ ಚರಿತ್ರೆ ಕೇಳಿದರೆ ಮಾರಿಕಾಂಬೆ ಗುಡಿ ತೋರಿಸುತ್ತಾರೆ. ಸಿದ್ದಾಪುರ ಅಂದರೆ 1930ರ ದಶಕದ ಕರನಿರಾಕರಣೆ. ಯಲ್ಲಾಪುರ ಅಂದರೆ ಜಲಪಾತ! ಇರಲಿ, ಅವೂ ಬೇಕು. ನಾವು ಹುಡುಕಹೊರಟದ್ದು ಬೇರೆ: ಈ ಅಡಿಕೆ ತೋಟಗಳಲ್ಲಿ ಬೆನ್ನು ಬಗ್ಗಿಸಿ ದುಡಿದವರು ಯಾರು?

ದಫ್ತರ ಬಿಚ್ಚಿದರೆ ಒಡೆಯರ ಲೆಕ್ಕ ಸಿಗುತ್ತದೆ. ಒಂದೆಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ. ಆ ಸೊಪ್ಪು ಕಡಿದು ತಲೆಮೇಲೆ ಹೊತ್ತವರ ಲೆಕ್ಕ ಯಾರು ಇಟ್ಟರು? 1883ರ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಯಲ್ಲಾಪುರ ಸೀಮೆಯ ಸಿದ್ದಿಗಳು ಸಿಗುತ್ತಾರೆ. ಜಾತಿಪಟ್ಟಿಯೊಳಗೆ, ಸಾಹೇಬರ ಕಣ್ಣಿಗೆ ಕಂಡಷ್ಟು. ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಅದು ಬಂಡಾಯವಲ್ಲದೆ ಮತ್ತೇನು? ಅವರ ಮಕ್ಕಳು ಮೊಮ್ಮಕ್ಕಳು ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡ ಅನ್ನಿಸಿಕೊಂಡದ್ದು 2003ರಲ್ಲಿ!

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ದಫ್ತರವನ್ನೂ ನೋಡಿ, ಡಮಾಮಿ ಕುಣಿಯುವ ಅಜ್ಜಿಯರ ಹತ್ರಾನೂ ಕೂತ್ಕೊಳ್ಳಿ. ಹಿಂದೂ, ಮುಸ್ಲಿಂ, ಕ್ರೈಸ್ತ ಅಂತ ಹಂಚಿಹೋದರೂ ಸಿದ್ದಿಗಳು ತಮ್ಮ ‘ಹಿರಿಯರ’ನ್ನು ಬಿಟ್ಟಿಲ್ಲ. ಆ ಹಿರಿಯ ಯಾರು, ಎಲ್ಲಿಂದ ಬಂದ, ಯಾರ ತೋಟದಲ್ಲಿ ದುಡಿದ, ಎಷ್ಟು ಕೂಲಿಗೆ? ಕೇಳಿ, ಬರೆದುಕೊಳ್ಳಿ. ಬರೆದದ್ದನ್ನು ವಾಪಸು ಅವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.