ಮಸ್ಕತ್ ಪತ್ರ – 14: ಕುತ್ತಿಗೆಯ ಗಂಟಿನ ಸಾವಿರ ವರ್ಷದ ಕಥೆ

ಊರಿಂದ ಬರುವ ಮೆಸೇಜುಗಳಲ್ಲಿ ಸಕ್ಕರೆ ಕಾಯಿಲೆ ಬಿಟ್ಟರೆ ಹೆಚ್ಚು ಕೇಳೋದು ಇದನ್ನೇ: "ಅಮ್ಮಂಗೆ ಥೈರಾಯಿಡ್ ಇದೆಯಂತೆ, ಏನು ಮಾಡೋದು?" ನಾನು ತಿರುಗಿ ಕೇಳೋ ಪ್ರಶ್ನೆ ಒಂದೇ. ಗ್ರಂಥಿ ಕಡಿಮೆ ಕೆಲಸ ಮಾಡ್ತಿದೆಯೋ, ಜಾಸ್ತಿಯೋ, ಅಥವಾ ಬರೀ ಗಂಟು ಇದೆಯೋ? ಬಹಳ ಜನರಿಗೆ ಗೊತ್ತಿರಲ್ಲ. ಅದರಲ್ಲಿ ನಾಚಿಕೆ ಏನಿಲ್ಲ, ವೈದ್ಯರಿಗೇ ಇದು ಸರಿಯಾಗಿ ತಿಳಿಯೋಕೆ ನೂರಾರು ವರ್ಷ ಹಿಡಿಯಿತು.

ಇಲ್ಲಿ ಒಮಾನಿನವರು ಈ ಗ್ರಂಥಿಗೆ "ಘುದ್ದಾ ದರಕಿಯ್ಯಾ" ಅಂತಾರೆ, ಗುರಾಣಿಯಂಥ ಗ್ರಂಥಿ ಅಂತ. ಥೈರಾಯಿಡ್ ಅನ್ನೋ ಹೆಸರು ಇಟ್ಟದ್ದು ಲಂಡನ್ನಿನ ಥಾಮಸ್ ವಾರ್ಟನ್, 1656ರಲ್ಲಿ. ಗ್ರೀಕ್ ಮೂಲದ ಆ ಪದಕ್ಕೂ ಗುರಾಣಿಯದ್ದೇ ಅರ್ಥ. ನಮ್ಮಲ್ಲಿ ಊದಿದ ಕುತ್ತಿಗೆಗೆ ಗಳಗಂಡ ಅಂತೀವಲ್ಲ, ಆ ಹೆಸರು ಸುಶ್ರುತ ಸಂಹಿತೆಯಲ್ಲೇ ಇದೆ. ಅರಬ್ಬಿಯಲ್ಲಿ ಬರೆದ ಸ್ಪೇನ್ ದೇಶದ ಶಸ್ತ್ರವೈದ್ಯ ಅಲ್ ಜಹ್ರಾವಿ, ಸುಮಾರು ಸಾವಿರ ವರ್ಷದ ಹಿಂದೆ, ಇದನ್ನು "ಗಂಟಲಿನ ಆನೆ" ಅಂತ ಕರೆದ. ಎಲ್ಲಾ ಗಂಟೂ ಒಂದೇ ಅಲ್ಲ, ಎಲ್ಲದಕ್ಕೂ ಕತ್ತಿ ಹಾಕಬಾರದು ಅಂತ ಅವನಿಗೆ ಆಗಲೇ ಗೊತ್ತಿತ್ತು.

ಮೊದಲ ಸುಳಿವು ಸಿಕ್ಕಿದ್ದು ಸಮುದ್ರದ ಪಾಚಿಯಿಂದ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದ. 1820ರಲ್ಲಿ ಜಿನೀವಾದ ಡಾಕ್ಟರ್ ಕ್ವಾಂಡೆ ಅದನ್ನೇ ಗಳಗಂಡಕ್ಕೆ ಮದ್ದಾಗಿ ಕೊಟ್ಟರು. ಹಲವರ ಗಂಟು ಇಳಿಯಿತು. ಆದರೆ ಕೆಲವರು ಸೊರಗಿದರು, ಎದೆ ಡವಡವ ಅನ್ನತೊಡಗಿತು. ಇವತ್ತು ಇದರ ಕಾರಣ ಗೊತ್ತು. ಅಯೋಡಿನ್ ಇಲ್ಲದೆ ವರ್ಷಗಟ್ಟಲೆ ಬೆಳೆದ ಹಳೇ ಗಂಟಿಗೆ ಒಮ್ಮೆಲೇ ಅಯೋಡಿನ್ ಸಿಕ್ಕರೆ, ಅದು ಲಗಾಮಿಲ್ಲದ ಕುದುರೆ ಹಾಗೆ ಹಾರ್ಮೋನು ಸುರಿಸಬಹುದು.

ಅತಿಯಾಗಿ ಕೆಲಸ ಮಾಡೋ ಥೈರಾಯಿಡ್ ಬೇರೆಯದೇ ಕಾಯಿಲೆ ಅಂತ ಸ್ಪಷ್ಟವಾಗಿದ್ದು ಆಮೇಲೆ. 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಬಾಸೆಡೋ ಮೂರು ಲಕ್ಷಣ ಒಟ್ಟಿಗೆ ಬರೋದನ್ನು ಬರೆದಿಟ್ಟರು: ಊದಿದ ಕುತ್ತಿಗೆ, ಮುಂದಕ್ಕೆ ಬಂದ ಕಣ್ಣು, ಜೋರಾದ ಎದೆಬಡಿತ. ನಮ್ಮ ರಿಪೋರ್ಟುಗಳಲ್ಲಿ "ಗ್ರೇವ್ಸ್" ಅಂತ ಇರೋದು ಅವರದೇ ಹೆಸರು. 1913ರಲ್ಲಿ ಅಮೆರಿಕದ ಹೆನ್ರಿ ಪ್ಲಮ್ಮರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವರಲ್ಲಿ ಇಡೀ ಗ್ರಂಥಿ ಕೆರಳಿರುತ್ತೆ, ಇನ್ನು ಕೆಲವರಲ್ಲಿ ಹಳೇ ಗಂಟು ಮಾತ್ರ ತನ್ನ ಪಾಡಿಗೆ ಹಾರ್ಮೋನು ಮಾಡ್ತಿರುತ್ತೆ, ಅವರ ಕಣ್ಣು ಮುಂದಕ್ಕೆ ಬರಲ್ಲ.

ಈಗ ಭಯದ ವಿಷಯ. ಆಪರೇಷನ್ ಅಂದರೆ ಊರಲ್ಲಿ ಇನ್ನೂ ಹೆದರ್ತಾರೆ. ಒಂದು ಕಾಲಕ್ಕೆ ಆ ಹೆದರಿಕೆ ಸರಿಯೇ ಇತ್ತು, ರಕ್ತಸ್ರಾವದಿಂದ, ನಂಜಿನಿಂದ ಎಷ್ಟೋ ಜನ ಸಾಯ್ತಿದ್ದರು. ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಕರ್ ಸಾವಿರಾರು ಆಪರೇಷನ್ ಮಾಡಿ ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ತಂದರು. ಇಡೀ ಗ್ರಂಥಿ ತೆಗೆದರೆ ರೋಗಿ ಮಂಕಾಗಿ ಊದಿಕೊಳ್ತಾರೆ ಅಂತ 1883ರಲ್ಲಿ ಹೇಳಿದ್ದೂ ಅವರೇ. 1909ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತು ಹಾಗೆ ತೆಗೆದವರಿಗೆ ದಿನಕ್ಕೊಂದು ಹಾರ್ಮೋನು ಮಾತ್ರೆ ಸಾಕು.

ಇನ್ನೊಂದು ಭಯ "ವಿಕಿರಣದ ಔಷಧಿ". 1936ರ ನವೆಂಬರ್ 12ರಂದು ಬಾಸ್ಟನ್ನಿನ ಯುವ ವೈದ್ಯ ಸಾಲ್ ಹರ್ಟ್ಸ್ ಒಂದು ಉಪನ್ಯಾಸ ಕೇಳಿ ಎದ್ದು ನಿಂತು, ಅಯೋಡಿನ್ನನ್ನು ವಿಕಿರಣಶೀಲ ಮಾಡಬಹುದಾ ಅಂತ ಕೇಳಿದರು. 1941ರ ಮಾರ್ಚ್ 31ರಂದು ಮೊದಲ ರೋಗಿಗೆ ಅದನ್ನು ಕೊಟ್ಟರು. ಉಪಾಯ ಸರಳ: ಅಯೋಡಿನ್ನನ್ನು ಹೀರಿಕೊಳ್ಳೋದು ಮುಖ್ಯವಾಗಿ ಥೈರಾಯಿಡ್, ಹಾಗಾಗಿ ಔಷಧಿ ನೇರ ಅಲ್ಲೇ ಹೋಗಿ ಅತಿಯಾದ ಕೆಲಸ ನಿಲ್ಲಿಸುತ್ತೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮಾತ್ರ ಕೊಡಲ್ಲ. ಹಾರ್ಮೋನು ತಯಾರಿಕೆ ತಡೆಯೋ ಮಾತ್ರೆಗಳು ಬಂದದ್ದೂ 1940ರ ದಶಕದಲ್ಲೇ.

ನಮ್ಮ ದೇಶದ ದೊಡ್ಡ ಪಾಠ ಉಪ್ಪಿನದ್ದು. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ತಂಡ ಕೆಲವು ಕಡೆ ಅಯೋಡಿನ್ ಉಪ್ಪು, ಒಂದು ಕಡೆ ಬರೀ ಉಪ್ಪು ಕೊಟ್ಟು ನೋಡಿತು. ಕೆಲವೇ ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು. ಸಮುದ್ರದ ಕಲ್ಲುಪ್ಪಿನಲ್ಲೇ ಅಯೋಡಿನ್ ಇದೆ ಅನ್ನೋ ಕರಾವಳಿಯವರಿಗೆ ಒಂದು ಮಾತು: ಗದ್ದೆಯಲ್ಲಿ ಒಣಗಿಸಿದ ಉಪ್ಪಿನಲ್ಲಿ ಅದು ಉಳಿಯೋದು ತೀರಾ ಕಡಿಮೆ.

ಒಮಾನ್ ಕಥೆ ಇನ್ನೂ ಅಚ್ಚರಿಯದ್ದು. 1970ಕ್ಕೆ ಮುಂಚೆ ಇಲ್ಲಿ ಆಸ್ಪತ್ರೆ ಅಂದರೆ ಮುಖ್ಯವಾಗಿ ಮಸ್ಕತ್, ಮತ್ರಾದ ಅಮೆರಿಕನ್ ಮಿಷನ್ನಿನವು. 1987ರಲ್ಲಿ ರಾಯಲ್ ಆಸ್ಪತ್ರೆ, 1990ರಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆ ಬಂದವು. ಡಬ್ಲಿನ್, ಬರ್ನ್, ಬಾಸ್ಟನ್‌ನಲ್ಲಿ ನೂರು ವರ್ಷ ಹಿಡಿದದ್ದನ್ನು ಈ ದೇಶ ಒಂದು ತಲೆಮಾರಿನಲ್ಲಿ ತಂದುಕೊಂಡಿತು.

ಇಷ್ಟೆಲ್ಲಾ ಬರೆದದ್ದು ಗಲ್ಫಿನಲ್ಲಿರೋ ನಮ್ಮ ತಮ್ಮಂದಿರಿಗಾಗಿ ಕೂಡ. ಬೆವರು ಜಾಸ್ತಿಯಾದರೆ ಬಿಸಿಲು ಅಂತೀವಿ, ಸಣ್ಣಗಾದರೆ ಮೆಸ್ ಊಟ ಅಂತೀವಿ, ಕೈ ನಡುಗಿದರೆ, ನಿದ್ದೆ ಬರದಿದ್ದರೆ ಓವರ್‌ಟೈಮ್ ಅಂತೀವಿ. ಹಸಿವು ಚೆನ್ನಾಗಿದ್ದೂ ತೂಕ ಇಳಿದರೆ, ಸುಮ್ಮನೆ ಕೂತಾಗಲೂ ಎದೆ ಹೊಡೆದುಕೊಂಡರೆ, ಒಂದು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಬಿಟ್ಟರೆ ಹೃದಯದ ಲಯ ತಪ್ಪಬಹುದು, ಮೂಳೆ ಸವೆಯಬಹುದು.

ಗಂಟು ಕಂಡರೆ ಕ್ಯಾನ್ಸರ್ ಅಂತ ಎದೆ ಒಡೆದುಕೊಳ್ಳಬೇಡಿ. ಹೆಚ್ಚಿನವು ಅಲ್ಲ, ಹಾರ್ಮೋನು ಮಾಡೋ "ಬಿಸಿ" ಗಂಟಿನಲ್ಲಂತೂ ಅಪರೂಪ. ಆದರೆ ಗಂಟು ಬೇಗ ಬೆಳೆದರೆ, ದನಿ ಒಡೆದರೆ, ನುಂಗೋಕೆ ಕಷ್ಟವಾದರೆ ತಡ ಮಾಡಬೇಡಿ. ಥೈರಾಯಿಡ್ ತಗ್ಗಿಸೋ ಮಾತ್ರೆ ತಗೊಳ್ಳೋರಿಗೆ ಜ್ವರ, ಗಂಟಲು ನೋವು ಬಂದರೆ ಮುಂದಿನ ಮಾತ್ರೆ ನುಂಗೋ ಮುಂಚೆ ಅವತ್ತೇ ಡಾಕ್ಟರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ. ಪಕ್ಕದ ಮನೆಯವರ ಥೈರಾಯಿಡ್ ಮಾತ್ರೆ ಮಾತ್ರ ನುಂಗಬೇಡಿ, ಅವರದ್ದು ಕಡಿಮೆಯದ್ದಿರಬಹುದು, ನಿಮ್ಮದು ಜಾಸ್ತಿಯದ್ದು.