ಮರದ ಬೋಟಿನ ಡೆಕ್ ಸೋರುತ್ತಿದೆಯೇ? ಮಳೆಗಾಲದ ರಿಪೇರಿಗೆ ಕೈ ಹಾಕುವ ಮುನ್ನ ಇದನ್ನು ಓದಿ

ಮಲ್ಪೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಂಜಿನ್ ಕೆಲಸ, ಬಲೆ ಕೆಲಸ, ಪೈಂಟಿಂಗ್, ಮರದ ಕೆಲಸ ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಎಂಜಿನ್, ಬಲೆಗೆ ಇದರಿಂದ ತೊಂದರೆ ಏನಿಲ್ಲ. ಆದರೆ ಹಳೆಯ ಮರದ ಡೆಕ್ ರಿಪೇರಿಗೆ ವರ್ಷದಲ್ಲೇ ಅತಿ ಕೆಟ್ಟ ಸಮಯ ಇದು.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ 4,000 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಆಗಸ್ಟ್ ಒಳಗೇ ಸುರಿಯುತ್ತದೆ. ಹಲಗೆ ನೀರು ಕುಡಿದು ಉಬ್ಬುತ್ತದೆ, ಸಂದಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಸೋರಿಕೆ ನಿಂತ ಹಾಗೆ ಕಾಣುತ್ತದೆ. ಇದನ್ನು ನಂಬಿ ಮೇಲಿಂದ ಪುಟ್ಟಿ, ಪೈಂಟ್ ಹೊಡೆದು ಬಿಟ್ಟರೆ ಫೆಬ್ರವರಿ-ಮಾರ್ಚ್ ಬಿಸಿಲಿಗೆ ಹಲಗೆ ಕುಗ್ಗಿದಾಗ ಮತ್ತೆ ಅದೇ ಕಥೆ.

ಉಪ್ಪು ನೀರಿಗಿಂತ ಮಳೆ ನೀರು ಕೆಟ್ಟದ್ದು

ಸಮುದ್ರದ ನೀರಲ್ಲೇ ಮುಳುಗಿರುವ ಅಡಿಯ ಹಲಗೆ ವರ್ಷಗಟ್ಟಲೆ ಗಟ್ಟಿ ಇರುತ್ತದೆ, ಮೇಲಿನ ಡೆಕ್ ಮಾತ್ರ ಕೊಳೆಯುತ್ತದೆ. ಯಾಕೆ? ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗುವುದಿಲ್ಲ, ಸಿಹಿ ನೀರು ಬೇಕು. ಮರದ ತೇವಾಂಶ ಶೇ. 20 ದಾಟಿದರೆ ಅದು ಬೆಳೆಯಲು ಶುರು. ಹಿಂದೆ ಹಾಯಿ ಹಡಗಿನವರು ಬೆಳಿಗ್ಗೆ, ಸಂಜೆ ಸಮುದ್ರದ ನೀರಲ್ಲೇ ಡೆಕ್ ತೊಳೆಯುತ್ತಿದ್ದರು. ಹಲಗೆ ಉಬ್ಬಿಕೊಂಡೇ ಇರುತ್ತಿತ್ತು, ಕೊಳೆಯುವುದೂ ಕಡಿಮೆ.

ನಮ್ಮ ಬೋಟುಗಳಲ್ಲಿ ಇನ್ನೊಂದು ತೊಂದರೆ ಇದೆ. ಮೀನು ತುಂಬುವ ಸ್ಟೋರೇಜ್‌ನಲ್ಲಿ ಕರಗುವ ಐಸ್ ಕೂಡ ಸಿಹಿ ನೀರೇ. ಅಂದರೆ ಸ್ಟೋರೇಜ್ ಮೇಲಿನ ಡೆಕ್‌ಗೆ ಮೇಲಿಂದ ಮಳೆ, ಕೆಳಗಿಂದ ಐಸ್‌ನ ತೇವ. ಬೋಟಿನಲ್ಲಿ ಮೊದಲು ಮೆದುವಾಗುವ ಜಾಗ ಹೆಚ್ಚಾಗಿ ಇದೇ. ಹಲಗೆ ಹೋದರೆ ಹಲಗೆ ಬದಲಿಸಬಹುದು. ಅದನ್ನು ಹೊತ್ತಿರುವ ಅಡ್ಡ ತೊಲೆ ಹೋದರೆ ಖರ್ಚು ಎಲ್ಲಿಗೋ ಹೋಗುತ್ತದೆ. ವಿಂಚ್ ಅಡಿಯ ತೊಲೆ ಕೊಳೆತಿದ್ದರೆ ಬಲೆ ಎಳೆಯುವಾಗ ಕಲಾಸಿಗಳ ಜೀವಕ್ಕೇ ಸಂಚಕಾರ.

ನೀರು ಬೀಳುವ ಜಾಗವೇ ತೂತಲ್ಲ

ಕೆಳಗೆ ಹನಿ ಬೀಳುವ ಜಾಗದ ನೇರ ಮೇಲೆ ಸೀಲೆಂಟ್ ಹಚ್ಚುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚಿನ ಸಲ ದಂಡ. ನೀರು ಒಂದು ಕಡೆ ಒಳಗೆ ಇಳಿದು ತೊಲೆಯ ಬದಿ ಹಿಡಿದು ನಾಲ್ಕೈದು ಅಡಿ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ.

ಹುಡುಕುವುದು ಹೀಗೆ. ಒಳಗಿನಿಂದ ಒಣ ಹಲಗೆ, ತೊಲೆಗಳಿಗೆ ಸೀಮೆಸುಣ್ಣದ ಪುಡಿ ಬಳಿಯಿರಿ. ಒಬ್ಬರು ಕೆಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಮೇಲೆ ಪೈಪ್‌ನಲ್ಲಿ ನೀರು ಬಿಡಲಿ. ಡೆಕ್‌ನ ತಗ್ಗಿನ ಕಡೆಯಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಕೊಟ್ಟು, ನಿಧಾನಕ್ಕೆ ಎತ್ತರದ ಕಡೆಗೆ ಹೋಗಬೇಕು. ಮೇಲಿಂದ ಶುರು ಮಾಡಿದರೆ ಹರಿದು ಬಂದ ನೀರು ಎಲ್ಲ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ನೀರಿಗೆ ಸ್ವಲ್ಪ ಬಟ್ಟೆಯ ನೀಲಿ ಹಾಕಿದರೆ ಸುಣ್ಣದ ಮೇಲೆ ದಾರಿ ಚೆನ್ನಾಗಿ ಕಾಣುತ್ತದೆ. ಇದನ್ನು ಮಳೆ ಹಿಡಿಯುವ ಮೊದಲೇ ಮಾಡಿ, ಪೈಂಟ್‌ನಲ್ಲಿ ಗುರುತು ಹಾಕಿಡಿ. ಆಟಿ ಮಳೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಲಗೆಗಳ ನಡುವಿನ ಸಂದಿಗಿಂತ ಹೆಚ್ಚು ಸೋರುವುದು ಬೋಲ್ಟ್ ಕೂತ ಜಾಗ: ವಿಂಚ್ ಬುಡ, ಕ್ಯಾಬಿನ್ ಬುಡ, ಹಗ್ಗ ಕಟ್ಟುವ ಗೂಟ, ಸ್ಟೋರೇಜ್ ಬಾಯಿಯ ನಾಲ್ಕು ಮೂಲೆ. ಮೊಳೆಯ ಸುತ್ತ ಕಪ್ಪು ಕಲೆ ಇದ್ದರೆ ಅಲ್ಲಿ ನೀರು ಇಳಿದು ಕಬ್ಬಿಣ ತುಕ್ಕು ಹಿಡಿದಿದೆ ಅಂತ ಅರ್ಥ. ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಮರ ‘ಟಣ್’ ಅನ್ನುತ್ತದೆ, ಕೊಳೆತದ್ದು ‘ದಬ್’ ಅನ್ನುತ್ತದೆ. ಅನುಮಾನ ಇದ್ದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಬಹುದು.

ರಿಪೇರಿ

ಬೋಲ್ಟ್ ಜಾಗ ಸೋರುತ್ತಿದ್ದರೆ ಸುತ್ತ ಸೀಲೆಂಟ್ ಬಳಿದು ಪ್ರಯೋಜನ ಇಲ್ಲ. ಬೋಲ್ಟ್ ಬಿಚ್ಚಬೇಕು, ತೂತು ಒಣಗಿಸಬೇಕು, ಸೀಲೆಂಟ್ ಹಾಸಿ ಮತ್ತೆ ಕೂರಿಸಬೇಕು. ಇದಕ್ಕೆ ಪಿಯು ಸೀಲೆಂಟ್ ಕೇಳಿ. ಬಾತ್‌ರೂಮ್‌ಗೆ ಬಳಸುವ ಸಿಲಿಕಾನ್ ಬೇಡ. ಅದರ ಮೇಲೆ ಪೈಂಟ್ ಕೂರುವುದಿಲ್ಲ, ಅದನ್ನು ಕಿತ್ತ ಜಾಗದಲ್ಲೂ ಬೇರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಸಂದಿ ಸೋರುತ್ತಿದ್ದರೆ ಹಳೆಯ ಪುಟ್ಟಿ, ಹತ್ತಿ ಪೂರ್ತಿ ಕೆರೆದು ತೆಗೆದು ಹೊಸ ಹತ್ತಿಯನ್ನು ಉಳಿಯಿಂದ ಬಡಿದು ಕೂರಿಸಿ, ಮೇಲೆ ಸೀಲೆಂಟ್ ತುಂಬಬೇಕು. ಬೇಸಿಗೆಯಲ್ಲಿ ತುಂಬುವುದಾದರೆ ಹಲಗೆಯ ಮಟ್ಟಕ್ಕಿಂತ ಸ್ವಲ್ಪ ತಗ್ಗಿರಲಿ, ಮಳೆಗೆ ಮರ ಉಬ್ಬಿದಾಗ ಅದು ಮೇಲೆ ಬರುತ್ತದೆ. ಕಲ್ಲಿನ ಹಾಗೆ ಗಟ್ಟಿಯಾಗುವ ಪುಟ್ಟಿಯನ್ನು ಸಂದಿಗೆ ಹಾಕಲೇಬಾರದು. ಹತ್ತಿಯನ್ನು ಮಿತಿ ಮೀರಿ ಬಡಿದರೂ ಕಷ್ಟ, ಹಲಗೆಗಳೇ ಬೇರೆಯಾಗುತ್ತವೆ.

ಕೊಳೆತ ಹಲಗೆ ತೆಗೆಯುವಾಗ ಕಣ್ಣಿಗೆ ಕಂಡಷ್ಟೇ ಕತ್ತರಿಸಿದರೆ ಸಾಲದು. ಮರದ ನೂಲಿನ ಉದ್ದಕ್ಕೆ ಒಂದು ಅಡಿಯಾದರೂ ಆಚೆ ಹೋಗಿ, ತೊಲೆಯ ಮೇಲೆಯೇ ಜೋಡಣೆ ಬರುವಂತೆ ಕತ್ತರಿಸಬೇಕು. ಅಕ್ಕಪಕ್ಕದ ಹಲಗೆಗಳ ಜೋಡಣೆ ಒಂದೇ ತೊಲೆಯ ಮೇಲೆ ಬರಬಾರದು, ನಡುವೆ ಮೂರು ಹಲಗೆ ಬಿಡುವುದು ಹಳೆಯ ಲೆಕ್ಕ. ಹೆಬ್ಬಲಸು, ಸಾಗುವಾನಿ, ಬೋಗಿ ಯಾವುದೇ ಇರಲಿ, ಚೆನ್ನಾಗಿ ಒಣಗಿದ್ದೇ ಬೇಕು. ಹಸಿ ಹಲಗೆ ಬೇಸಿಗೆಯಲ್ಲಿ ಕುಗ್ಗಿ ಹೊಸ ಸಂದಿ ಬಿಡುತ್ತದೆ. ಕೂರಿಸುವ ಮೊದಲು ಕತ್ತರಿಸಿದ ತುದಿಗಳಿಗೆ ಪೈಂಟ್ ಅಥವಾ ಎಪಾಕ್ಸಿ ಕುಡಿಸಿ. ನೀರು ಹೆಚ್ಚಾಗಿ ಹೀರುವುದು ಅಲ್ಲಿಂದಲೇ.

ಫೈಬರ್ ಹೊದಿಸಿದರೆ ಮುಗೀತಾ?

‘ಮೇಲಿಂದ ಫೈಬರ್ ಹಾಕಿಬಿಡಿ’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಣಗಿದ, ಗಟ್ಟಿ ಮರಕ್ಕೆ ಒಳ್ಳೆಯದೇ. ಆದರೆ ಒದ್ದೆ ಡೆಕ್ ಮೇಲೆ ಫೈಬರ್ ಹಾಕುವುದು ಅಂದರೆ ಕೊಳೆತವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟ ಹಾಗೆ. ಮೇಲೆ ಹೊಳಪು ಇರುತ್ತದೆ, ಒಳಗೆ ತೊಲೆ ಹಿಟ್ಟಾಗುತ್ತಿರುತ್ತದೆ. ಮರದ ತೇವಾಂಶ ಶೇ. 15ಕ್ಕಿಂತ ಕೆಳಗೆ ಇಳಿಯದೆ ಕೆಲಸ ಶುರು ಮಾಡಬಾರದು. ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ನಾಲ್ಕೈದು ಬೋಟಿನವರು ಸೇರಿ ಒಂದು ತೆಗೆದುಕೊಂಡರೂ ಸಾಕು.

ಇನ್ನೊಂದು ವಿಷಯ ಎಣ್ಣೆ. ಬೂತಾಯಿ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕರಾವಳಿಯಲ್ಲಿ ಮರಕ್ಕೆ ಹಿಂದಿನಿಂದಲೂ ಬಳಿಯುವಂಥದ್ದು. ಕಾರ್ಕಳದ ಗೇರುಬೀಜ ಫ್ಯಾಕ್ಟರಿಗಳಿಂದಾಗಿ ಈ ಎಣ್ಣೆಯ ಹೆಸರು ಇಲ್ಲಿ ಯಾರಿಗೂ ಹೊಸತಲ್ಲ. ಮರದ ರಕ್ಷಣೆಗೆ ಅವು ಒಳ್ಳೆಯವೇ, ಆದರೆ ಎಣ್ಣೆ ಕುಡಿದ ಹಲಗೆಗೆ ರೆಸಿನ್ ಹಿಡಿಯುವುದಿಲ್ಲ. ಎಣ್ಣೆ ಅಥವಾ ಫೈಬರ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಹಲಗೆ ಹಲಗೆಯಾಗಿ ಜೋಡಿಸಿದ ಡೆಕ್ ಸದಾ ಅಲುಗಾಡುತ್ತದೆ, ಅದರ ಮೇಲಿನ ಫೈಬರ್ ಸಂದಿಗುಂಟ ಬಿರುಕು ಬಿಡುತ್ತದೆ. ಹಾಗಾಗಿ ನಡುವೆ ಮೆರೈನ್ ಪ್ಲೈವುಡ್ ಹಾಕುವುದು ವಾಸಿ. ಅಂಗಡಿಯವರೂ ಗಮನಿಸಿ: ಬೋಟಿಗೆ ಬೇಕಾದದ್ದು ಐಎಸ್ 710 ಗುರುತಿನ ಪ್ಲೈ. ಮನೆ ಕಪಾಟಿಗೆ ಹೋಗುವ ಐಎಸ್ 303 ಅಲ್ಲ. ಫೈಬರ್ ಸಾಮಾನು ಮಾರುವವರು ಕೋಬಾಲ್ಟ್ ಮತ್ತು ಹಾರ್ಡನರ್ ಬಾಟಲಿಗಳನ್ನು ಬೇರೆ ಬೇರೆ ಇಡಲಿ. ಇವೆರಡನ್ನು ನೇರವಾಗಿ ಒಟ್ಟಿಗೆ ಬೆರೆಸಿದರೆ ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಮೊದಲು ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ಹಾಗಾದರೆ ಯಾವಾಗ?

ನಿಷೇಧ ಶುರುವಾಗುವವರೆಗೆ ಕಾಯದೆ, ಪತ್ತನಾಜೆಗೆ ಮೊದಲೇ ಒಂದು ವಾರ ಬೋಟ್ ನಿಲ್ಲಿಸಿ ಡೆಕ್ ಕೆಲಸ ಮುಗಿಸುವುದು ಉತ್ತಮ. ಸೀಸನ್ ಕೊನೆಯ ಮೀನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ, ನಿಜ. ಆದರೆ ಕೊಳೆತ ತೊಲೆ ಬದಲಿಸುವ ಬಿಲ್ ಎದುರು ಒಂದು ಟ್ರಿಪ್‌ನ ನಷ್ಟ ಸಣ್ಣದು. ಅದು ಆಗದಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ಎರಡು ಟ್ರಿಪ್ ನಡುವೆ ಬೋಲ್ಟ್ ಜಾಗಗಳನ್ನಾದರೂ ಮುಗಿಸಿಕೊಳ್ಳಿ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಮೇಲೆ ಎತ್ತರಕ್ಕೆ ಚಪ್ಪರ ಹಾಕಿ. ಟಾರ್ಪಾಲನ್ನು ಡೆಕ್‌ಗೆ ತಾಗಿಸಿ ಬಿಗಿದು ಕಟ್ಟಿದರೆ ಒಳಗೆ ಬೆವರಿ ಇನ್ನಷ್ಟು ಕೊಳೆಯುತ್ತದೆ. ಎರಡೂ ತುದಿ ತೆರೆದಿರಲಿ, ಸ್ಟೋರೇಜ್ ಮುಚ್ಚಳ ತೆಗೆದಿಡಿ, ಒಳಗೆ ಗಾಳಿ ಆಡಲಿ. ಆಗಸ್ಟ್‌ನಲ್ಲಿ ಐಸ್ ತುಂಬುವ ಮೊದಲು ಸೀಮೆಸುಣ್ಣ, ನೀಲಿ ನೀರಿನ ಪರೀಕ್ಷೆಯನ್ನು ಗುರುತು ಹಾಕಿದ್ದ ಜಾಗಗಳಲ್ಲಿ ಇನ್ನೊಮ್ಮೆ ಮಾಡಿ ನೋಡಿ.